ಹುಲ್ಲುಬಯಲು ಖಾಲಿ ಜಾಗವಲ್ಲ
(ಸ್ಯಾಟಲೈಟ್ ವಿಭಾಗದ ಕನ್ನಡ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಈ ಮಳೆಗಾಲದಲ್ಲಿ ಸಂಘದ ವತಿಯಿಂದ ಸಸಿ ನೆಡಬೇಕೆಂದು ಅನೇಕರು ಸೂಚಿಸಿದ್ದಾರೆ. ಸೂಚನೆ ಒಳ್ಳೆಯದೇ. ಆದರೆ ಎಲ್ಲಿ ನೆಡಬೇಕು, ಎಲ್ಲಿ ನೆಡಬಾರದು ಎಂಬುದನ್ನು ಮೊದಲು ತೀರ್ಮಾನಿಸಬೇಕಲ್ಲವೇ?

1967ರಲ್ಲಿ ಜೋಧಪುರ ಟೇಕರೆಯ ಮೇಲೆ ಉಪಗ್ರಹ ಭೂಕೇಂದ್ರ ಬಂದುದರಿಂದ ನಮ್ಮ ಈ ಬಡಾವಣೆಗೆ ಸ್ಯಾಟಲೈಟ್ ಎಂಬ ಹೆಸರು. ಆಕಾಶದ ಹೆಸರುಂಟು, ನೆಲಕ್ಕೆ ನೆರಳು ಸಾಲದು. ಇಲ್ಲಿ ಬೇವು, ಹೊಂಗೆ ಧಾರಾಳವಾಗಿ ನೆಡೋಣ. ನೆಟ್ಟ ದಿನ ಫೋಟೋ ತೆಗೆಸಿ ಮರೆಯುವುದು ಬೇಡ. ಎರಡು ಬೇಸಗೆಯಾದರೂ ನೀರು ಹೊರಬೇಕು.

ಕೆಲವರು ಊರಾಚೆಯ ಹುಲ್ಲುಬಯಲನ್ನು ತೋರಿಸಿ, "ಖಾಲಿ ಬಿದ್ದಿದೆ, ಅಲ್ಲಿಯೂ ನೆಡೋಣ" ಎಂದರು. ಇದಕ್ಕೆ ಮಾತ್ರ ನಮ್ಮ ಒಪ್ಪಿಗೆಯಿಲ್ಲ. ಸೌರಾಷ್ಟ್ರದವರು ಇಂಥ ಬಯಲನ್ನು 'ವೀಡಿ' ಎನ್ನುತ್ತಾರೆ. ಮೈಸೂರು ಸೀಮೆಯ ಅಮೃತ ಮಹಲ್ ಕಾವಲು ಇದ್ದಂತೆ. ಕಾವಲನ್ನು ಖಾಲಿ ಎನ್ನುವವನು ದನ ಸಾಕಿದವನಲ್ಲ.

ಭಾವನಗರ ಜಿಲ್ಲೆಯ ವೇಳಾವದರ್ 1976ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಸುಮಾರು 34 ಚದರ ಕಿಲೋಮೀಟರ್ ಬಯಲು, ಕೃಷ್ಣಮೃಗದ ಮನೆ. ಮಳೆ ಬಂತೆಂದರೆ ಅಲ್ಲಿ ಖಡಮೋರ್ ಹಕ್ಕಿಯ ಗಂಡು ಹುಲ್ಲಿನ ಮೇಲಕ್ಕೆ ನೆಗೆನೆಗೆದು ಹೆಣ್ಣನ್ನು ಕರೆಯುತ್ತದೆ. ಖಡಮೋರ್ ಎಂದರೆ ಹುಲ್ಲುನವಿಲು. ಪ್ರಪಂಚದಲ್ಲೇ ಅಳಿಯುತ್ತಿರುವ ಹಕ್ಕಿ ಅದು. ಚಳಿಗಾಲಕ್ಕೆ ಮಧ್ಯ ಏಷ್ಯಾದ ಕಡೆಯಿಂದ ಹದ್ದಿನ ಜಾತಿಯ ಸೆಳೆವ ಹಕ್ಕಿಗಳು ಬಂದು, ಹಗಲೆಲ್ಲ ಮಿಡತೆ ತಿಂದು, ರಾತ್ರಿ ಹುಲ್ಲಿನ ನಡುವೆ ನೆಲದ ಮೇಲೆಯೇ ಮಲಗುತ್ತವೆ. ಇವುಗಳಿಗೆ ನಮ್ಮ ಮರ ಏತಕ್ಕೆ?

ನಮ್ಮ ರಾಣೆಬೆನ್ನೂರಿನಲ್ಲಿಯೂ ಹುಲ್ಲು ಕುರುಚಲಿನ ನೆಲಕ್ಕೆ ನೀಲಗಿರಿ ನೆಟ್ಟರು. ಅಲ್ಲಿ ಕೃಷ್ಣಮೃಗ ಉಳಿಯಿತು, ಎರೆಭೂತ ಹಕ್ಕಿ ಕಾಣದಾಯಿತು. ಕಚ್ಛದ ಬನ್ನಿಯಲ್ಲಿ ಉಪ್ಪುಮರಳು ಹಬ್ಬದಿರಲೆಂದು 1960ರ ದಶಕದಲ್ಲಿ ಸರ್ಕಾರವೇ ಗಾಂಡೋ ಬಾವಳ್ ಹಾಕಿಸಿತು. ಅದೇ ನಮ್ಮ ಬಳ್ಳಾರಿ ಜಾಲಿ. ಉದ್ದೇಶ ಕೆಟ್ಟದ್ದೆಂದು ಯಾರೂ ಹೇಳಲಾರರು. ಆದರೆ ಅದರ ಕಾಯಿ ಸಿಹಿ. ದನ ತಿಂದಲ್ಲೆಲ್ಲ ಸೆಗಣಿಯ ಸಂಗಡ ಬೀಜ ಬಿತ್ತು, ಹುಲ್ಲು ಹೋಯಿತು. ಈಗ ಅಲ್ಲಿಯ ಮಾಲ್ಧಾರಿಗಳು ತಾವೇ ಅದನ್ನು ಕಿತ್ತು ಹುಲ್ಲು ಬರಿಸುತ್ತಿದ್ದಾರೆ. ಇದನ್ನು ಸುಟ್ಟೇ ಇದ್ದಿಲು ಮಾಡುವುದು. ತಂದೂರಿನ ಮುಂದೆ ನಿಂತ ನಮ್ಮವರಿಗೆ ಅದರ ಕಾವು ಗೊತ್ತು.

ಆದುದರಿಂದ ಬಯಲಿನಲ್ಲಿ ನಮ್ಮ ಕೆಲಸ ನೆಡುವುದಲ್ಲ, ಕೀಳುವುದು. ಅದೂ ಅರಣ್ಯ ಇಲಾಖೆಯ ಅಪ್ಪಣೆ ಪಡೆದು, ಕಾಲ ನೋಡಿ. ಮೊದಲ ಮಳೆಗೆ ಮಣ್ಣು ಮೆತ್ತಗಾದಾಗ ಜಾಲಿಯ ಎಳೆ ಗಿಡ ಬೇರುಸಮೇತ ಕೈಗೆ ಬರುತ್ತದೆ. ಅನಂತರ ಭಾದ್ರಪದ ಮುಗಿಯುವವರೆಗೆ ಖಡಮೋರ್ ಮೊಟ್ಟೆಯಿಡುವ ಕಾಲ, ಹುಲ್ಲಿಗೆ ಕಾಲಿಡಲೇಬಾರದು. ಆ ದಿನಗಳಲ್ಲಿ ಸ್ಯಾಟಲೈಟಿನ ಸಸಿಗಳ ಕಳೆ ತೆಗೆಯೋಣ. ದೀಪಾವಳಿ ಕಳೆದು ಹುಲ್ಲು ಬೀಜ ಉದುರಿಸಿದ ಮೇಲೆ ಬೆಂಕಿ ತಡೆಯುವ ಗೆರೆ ಸವರುವುದು. ಆಗ ಸೆಳೆವಗಳು ಬಂದಿರುವುದರಿಂದ ಸೂರ್ಯಾಸ್ತಕ್ಕೆ ಮುಂಚೆ ಹೊರಡಬೇಕು. ಬೇಸಗೆಯಲ್ಲಿ ದೊಡ್ಡ ಜಾಲಿಯ ಬುಡ ಅಗೆಯುವುದು. ಮೇಲೆ ಕಡಿದರೆ ಒಂದಕ್ಕೆ ನಾಲ್ಕಾಗಿ ಚಿಗುರುತ್ತದೆ. ರುಬ್ಬುವ ಕಲ್ಲಿನ ಮುಂದೆ ಬೆಳೆದ ತೋಳುಗಳಿಗೆ ಇದು ಹೆಚ್ಚಲ್ಲ.

ವಾರದ ರಜೆ ನಮಗೆ ಯಾರೂ ದಾನ ಕೊಟ್ಟದ್ದಲ್ಲ. ಸೇವೆಯ ಹೆಸರಿನಲ್ಲಿ ರಜೆಯ ದಿನವೂ ದುಡಿಸುವ ಯಜಮಾನರಿದ್ದಾರೆ. ಅವರ ಕಡೆಯಿಂದ ಬಲವಂತವಾಗಿ ಬರುವವರು ನಮಗೆ ಬೇಡ. ಸ್ವಂತ ಇಚ್ಛೆಯಿಂದ ಋತುವಿಗೊಂದು ರಜೆ ಕೊಡುವವರು ಹೆಸರು ಬರೆಸಿರಿ. ರಾತ್ರಿ ಪಾಳಿ ಮುಗಿಸಿದವರನ್ನು ಕರೆದೊಯ್ಯುವುದಿಲ್ಲ. ಜಾಲಿಯ ಮುಳ್ಳು ಚಪ್ಪಲಿಯನ್ನು ದಾಟುತ್ತದೆ, ಗಟ್ಟಿ ಬೂಟು ಬೇಕು. ಗುದ್ದಲಿ, ಕೈಚೀಲ ಸಂಘದ್ದು. ಬುತ್ತಿ ಮಾತ್ರ ಅವರವರದ್ದು.