ನೋಟೀಸು ಬಂದರೆ ಓಡಬೇಡಿ, ಓದಿ
(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)

ಹಾಸ್ಟೆಲಿನಲ್ಲಿ ಇರೋತನಕ ನಮಗೆ ಬಾಡಿಗೆಯ ಬಿಸಿ ತಟ್ಟೋದಿಲ್ಲ. ಅನ್ನದಲ್ಲಿ ಕಲ್ಲು, ಸಾರಿನಲ್ಲಿ ನೀರು, ಕಕ್ಕಸಿಗೆ ಚಿಲಕವಿಲ್ಲ, ಈ ಜಗಳಗಳಲ್ಲೇ ಮೂರು ವರ್ಷ ಕಳೆದುಹೋಗುತ್ತೆ. ಆದರೆ ಪರೀಕ್ಷೆ ಮುಗಿದ ಮಾರನೆ ದಿನ ಟ್ರಂಕು ಹೊತ್ತು ಬೀದಿಗೆ ಬರ್ತೀವಿ. ಆಗ ಒಂದು ರೂಮು ಬೇಕು. ರೂಮು ಕೇಳಿದ ಕೂಡಲೆ ಎದುರಾಗುವ ಮೊದಲ ಪ್ರಶ್ನೆ ಬಾಡಿಗೆ ಎಷ್ಟು ಕೊಡ್ತೀರಿ ಅನ್ನೋದಲ್ಲ, ‘ನಿಮ್ಮದು ಯಾವ ಜನ?’ ಅನ್ನೋದು.

ಇದು ಇವತ್ತಿನ ಮಾತಲ್ಲ. ಕೊಲಂಬಿಯಾದಲ್ಲಿ ಓದಿ ಬಂದ ಬಾಬಾಸಾಹೇಬರು 1917ರಲ್ಲಿ ಬರೋಡಾ ಸಂಸ್ಥಾನದ ನೌಕರಿಗೆ ಹೋದರು. ದುಡ್ಡು ಕೊಟ್ಟೇ ಒಂದು ಪಾರ್ಸಿ ವಸತಿಗೃಹದಲ್ಲಿ ಇದ್ದರು. ಜಾತಿ ಗೊತ್ತಾದ ಮೇಲೆ ದೊಣ್ಣೆ ಹಿಡಿದ ಗುಂಪು ಬಂತು. ಸಂಜೆಯೊಳಗೆ ಖಾಲಿ ಮಾಡು ಅಂದಿತು. ಬಾಕಿ ಇರಲಿಲ್ಲ, ನೋಟೀಸು ಇರಲಿಲ್ಲ, ಕೋರ್ಟು ಇರಲಿಲ್ಲ. ದೊಣ್ಣೆಯೇ ನೋಟೀಸಾಗಿತ್ತು.

ಇವತ್ತು ದೊಣ್ಣೆಯ ಬದಲು ‘ಬಾಡಿಗೆ ಬಾಕಿ’ ಅನ್ನೋ ಮಾತು ಬಂದಿದೆ. ನಿಜವಾಗಿ ಬಾಕಿ ಇರೋದೂ ಉಂಟು. ಕೂಲಿ ಸಿಗದ ತಿಂಗಳು, ಸ್ಕಾಲರ್‌ಶಿಪ್ಪು ಬಾರದ ತಿಂಗಳು ನಮಗೆ ಹೊಸದೇನಲ್ಲ. ಹಾಗಂತ ಮಾಲೀಕರು ಸಾಮಾನು ಹೊರಗೆಸೆದು ಬೀಗ ಜಡಿಯೋದಕ್ಕೆ ಯಾವ ಕಾನೂನೂ ಒಪ್ಪೋದಿಲ್ಲ. ಅದಕ್ಕೊಂದು ದಾರಿ ಇದೆ. ಆ ದಾರಿಯ ಮೊದಲ ಮೆಟ್ಟಿಲೇ ನೋಟೀಸು.

ನಮ್ಮ ರಾಜ್ಯದಲ್ಲಿ 1961ರ ಬಾಡಿಗೆ ನಿಯಂತ್ರಣ ಕಾಯಿದೆ ಹೋಗಿ, 1999ರ ಕರ್ನಾಟಕ ಬಾಡಿಗೆ ಕಾಯಿದೆ 2001ರ ಡಿಸೆಂಬರ್ 31ರಿಂದ ಜಾರಿಗೆ ಬಂತು. ಇದರ 27ನೇ ಕಲಮು ಏನು ಹೇಳುತ್ತೆ? ಬಾಕಿ ಕೊಡಿ ಅಂತ ಮಾಲೀಕರು ಬಾಡಿಗೆದಾರನಿಗೆ ಲಿಖಿತ ನೋಟೀಸು ಕೊಡಬೇಕು. ನೋಟೀಸು ಮುಟ್ಟಿದ ದಿನದಿಂದ ಎರಡು ತಿಂಗಳ ಅವಕಾಶ. ಅಷ್ಟರೊಳಗೆ ಪೂರಾ ಬಾಕಿ ಕಟ್ಟಿದರೆ ಆ ಕಾರಣಕ್ಕೆ ಬಿಡಿಸೋ ಹಾಗಿಲ್ಲ. ಕಟ್ಟದೆ ಹೋದರೂ ಮಾಲೀಕರು ಕೋರ್ಟಿಗೇ ಹೋಗಬೇಕು. ಆದರೆ ಒಂದು ಎಚ್ಚರ: ‘ಪೂರಾ’ ಅಂದರೆ ಪೂರಾ. ತಿಂಗಳಿಗೆ 1,800 ರೂಪಾಯಿಯಂತೆ ಮೂರು ತಿಂಗಳ ಬಾಕಿ 5,400 ಆದರೆ, ಐದು ಸಾವಿರ ಕೊಟ್ಟು ಕೈಮುಗಿದರೆ ಸಾಲದು. ಇನ್ನೊಂದು ಎಚ್ಚರ: ಒಂದು ಸಾರಿ ಈ ಅವಕಾಶದಿಂದ ಬಚಾವಾದವರು ಅದೇ ಮನೆಯಲ್ಲಿ ಮತ್ತೆ ಬಾಕಿ ಬಿದ್ದರೆ ಎರಡನೇ ಸಾರಿ ಇದು ಸಿಗೋದಿಲ್ಲ.

ಈ ಕಾಯಿದೆ ಎಲ್ಲರಿಗೂ ಆಗಿಬರುತ್ತಾ? ಇಲ್ಲ. ಪಟ್ಟಿಯಲ್ಲಿ ಸೇರಿಸಿರುವ ನಗರ, ಪಟ್ಟಣಗಳಿಗೆ ಮಾತ್ರ. ಅಲ್ಲೂ ಬೆಂಗಳೂರಿನಂಥ, ಪಟ್ಟಿಯ ಮೊದಲ ಭಾಗದ ನಗರಗಳಲ್ಲಿ ಬಾಡಿಗೆ 3,500 ರೂಪಾಯಿ, ಉಳಿದ ಊರುಗಳಲ್ಲಿ 2,000 ರೂಪಾಯಿ ದಾಟಿದರೆ ಅದು ಹೊರಗೆ. ಇವತ್ತು ಬೆಂಗಳೂರಿನಲ್ಲಿ ಆ ದುಡ್ಡಿಗೆ ಎಂಥ ಗೂಡು ಸಿಗುತ್ತೆ ಅಂತ ನಮಗೆ ಗೊತ್ತು. ಬಡವರಿಗೆ ಅಂತ ಮಾಡಿದ ರಕ್ಷಣೆಯಿಂದ ಬಡವರೇ ಜಾರಿ ಹೊರಗೆ ಬಿದ್ದಿದ್ದಾರೆ. ಇದನ್ನು ಕೇಳುವ ಸಂಘಟನೆ ಬೇಕಲ್ಲವೆ?

ಹೊರಗೆ ಬಿದ್ದವರಿಗೆ 1882ರ ಆಸ್ತಿ ವರ್ಗಾವಣೆ ಕಾಯಿದೆ ಇದೆ. ಕರಾರಿನಲ್ಲಿ ಬೇರೆ ಮಾತು ಇಲ್ಲದಿದ್ದರೆ, ತಿಂಗಳ ಬಾಡಿಗೆಯ ಮನೆಯನ್ನು ಬಿಡಿಸೋದಕ್ಕೆ 106ನೇ ಕಲಮಿನ ಪ್ರಕಾರ ಹದಿನೈದು ದಿನದ ನೋಟೀಸು ಬೇಕು. ಅದು ಬರಹದಲ್ಲಿರಬೇಕು, ಕೊಟ್ಟವರ ಇಲ್ಲವೆ ಅವರ ಪರವಾಗಿ ಒಬ್ಬರ ಸಹಿ ಇರಬೇಕು. ಅಂಚೆಯಲ್ಲಿ ಬರಬೇಕು, ಇಲ್ಲವೆ ಕೈಗೆ ಕೊಡಬೇಕು, ನಾವಿಲ್ಲದಿದ್ದರೆ ಮನೆಯವರ ಕೈಗೆ ಕೊಡಬಹುದು. ಅದೂ ಆಗದಿದ್ದರೆ ಬಾಗಿಲಿನಂಥ ಎದ್ದು ಕಾಣೋ ಜಾಗಕ್ಕೆ ಅಂಟಿಸಬಹುದು. ವಠಾರದಲ್ಲಿ ನಾಲ್ಕು ಜನರ ಮುಂದೆ ‘ನಾಳೆ ಖಾಲಿ ಮಾಡ್ರೋ’ ಅಂತ ಕೂಗೋದು ನೋಟೀಸಲ್ಲ. ಹದಿನೈದು ದಿನ ಮುಗಿದ ಮೇಲೂ ಬೀಗ ಹಾಕೋ ಹಕ್ಕು ಹುಟ್ಟೋದಿಲ್ಲ, ದಾವಾ ಹೂಡೋ ಹಕ್ಕು ಹುಟ್ಟುತ್ತೆ, ಅಷ್ಟೆ. ಬಾಡಿಗೆ ಕೊಡದ ಕಾರಣಕ್ಕೇ ಕರಾರು ಮುರಿದು ದಾವಾ ಹೂಡಿದ್ದರೆ, ವಿಚಾರಣೆಯ ಹೊತ್ತಿಗೆ ಬಾಕಿ, ಬಡ್ಡಿ, ದಾವಾ ಖರ್ಚು ಕಟ್ಟಿದವರನ್ನು 114ನೇ ಕಲಮಿನಡಿ ಕೋರ್ಟು ಉಳಿಸಬಹುದು.

ಈಗ ನಮ್ಮವರ ಒಂದು ಅಭ್ಯಾಸ ನೋಡೋಣ. ವಕೀಲರ ಲಕೋಟೆ ಅಂದರೆ ನಮ್ಮ ಅವ್ವ ಅಪ್ಪಂದಿರಿಗೆ ಕೈಕಾಲು ನಡುಗುತ್ತೆ. ‘ತಗೋಬೇಡ ಕಣೋ, ತಗೊಂಡ್ರೆ ಸಿಕ್ಕಿಹಾಕ್ಕೋತೀವಿ’ ಅಂತಾರೆ. ಸರಿಯಾದ ವಿಳಾಸಕ್ಕೆ ಬಂದ ಅಂಚೆಯನ್ನು ಬೇಡ ಅಂತ ವಾಪಸು ಕಳಿಸಿದರೆ ಮುಟ್ಟಿದ ಹಾಗೇ ಅಂತ ಕೋರ್ಟು ತಿಳಿಯುತ್ತೆ. ಅವಧಿ ಓಡ್ತಾ ಇರುತ್ತೆ, ಒಳಗೇನಿದೆ ಅನ್ನೋದು ಮಾತ್ರ ನಮಗೆ ಗೊತ್ತಿರೋದಿಲ್ಲ. ಅದಕ್ಕೇ ತಗೊಳ್ಳಿ. ತಾರೀಖು ಬರೆದಿಡಿ. ಯಾವ ತಿಂಗಳ ಬಾಕಿ ಕೇಳಿದ್ದಾರೆ, ಲೆಕ್ಕ ಸರಿಯಿದೆಯೆ ನೋಡಿ. ತಪ್ಪಿದ್ದರೆ ಬರಹದಲ್ಲೇ ಉತ್ತರ ಕೊಡಿ. ‘ಅಡ್ವಾನ್ಸಲ್ಲಿ ಮುರ್ಕೊಳ್ಳಿ’ ಅಂತ ಬಾಯಲ್ಲಿ ಹೇಳಿ ಸುಮ್ಮನಾಗಬೇಡಿ. ಕೊಟ್ಟ ದುಡ್ಡಿಗೆ ರಸೀತಿ ಕೇಳಿ. ಕೊಡದಿದ್ದರೆ ಬ್ಯಾಂಕಿನಿಂದಲೋ ಫೋನಿನಿಂದಲೋ ಕಳಿಸಿ, ಗುರುತು ಉಳಿಯುತ್ತೆ.

ರಸೀತಿಯ ಬೆಲೆ ಏನು ಅಂತ ನಮ್ಮ ಕೇರಿಗಳನ್ನು ಕೇಳಬೇಕು. 1974ರ ಭೂಸುಧಾರಣೆ ತಿದ್ದುಪಡಿ ಬಂದಾಗ ಉಳುವವನಿಗೆ ಭೂಮಿ ಅಂದರು. ಗೇಣಿದಾರರು ಫಾರಂ ನಂಬರು 7 ತುಂಬಿ ಭೂ ನ್ಯಾಯಮಂಡಳಿಗೆ ಹೋಗಬೇಕಿತ್ತು. ತಲೆಮಾರಿನಿಂದ ಉತ್ತ ಎಷ್ಟೋ ಜನರ ಹತ್ತಿರ ಗೇಣಿ ಚೀಟಿ ಇರಲಿಲ್ಲ, ಪಹಣಿಯಲ್ಲಿ ಹೆಸರಿರಲಿಲ್ಲ. ಬೆವರು ಸಾಕ್ಷಿ ಹೇಳಲಿಲ್ಲ. ಕಾಗದ ಇದ್ದವರ ಮಾತೇ ನಡೆಯಿತು.

ದಬ್ಬಾಳಿಕೆಯಿಂದ ಹೊರಗೆ ಹಾಕಿಯೇ ಬಿಟ್ಟರೆ? 1963ರ ನಿರ್ದಿಷ್ಟ ಪರಿಹಾರ ಕಾಯಿದೆಯ 6ನೇ ಕಲಮಿನಡಿ ಆರು ತಿಂಗಳೊಳಗೆ ದಾವಾ ಹೂಡಿ ಸ್ವಾಧೀನ ವಾಪಸು ಕೇಳಬಹುದು. ನಮ್ಮ ಜನರನ್ನು ಅಕ್ರಮವಾಗಿ ಮನೆಯಿಂದ ಹೊರಹಾಕಿದರೆ, ವಾಸದ ಜಾಗ ಬಿಟ್ಟುಹೋಗುವಂತೆ ಬಲವಂತ ಮಾಡಿದರೆ 1989ರ ದೌರ್ಜನ್ಯ ತಡೆ ಕಾಯಿದೆಯ 3ನೇ ಕಲಮಿನಲ್ಲಿ ಅದು ಅಪರಾಧ. ವಕೀಲರಿಗೆ ದುಡ್ಡಿಲ್ಲವೆ? 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ ಪ್ರಕಾರ ಪರಿಶಿಷ್ಟ ಜಾತಿ, ಪಂಗಡದವರಿಗೆ ವರಮಾನ ಎಷ್ಟೇ ಇರಲಿ ಉಚಿತ ನೆರವು ಸಿಗಬೇಕು. ತಾಲ್ಲೂಕು ಕೋರ್ಟಿನಲ್ಲೇ ಅದರ ಸಮಿತಿ ಇರುತ್ತೆ. 15100ಕ್ಕೆ ಫೋನು ಮಾಡಬಹುದು.

ಇಷ್ಟು ಹೇಳಿದ್ದು ಬಾಡಿಗೆ ಕೊಡಬೇಡಿ ಅನ್ನೋದಕ್ಕಲ್ಲ. ಕೊಡಬೇಕಾದ್ದು ಕೊಡಲೇಬೇಕು. ನಾಳೆ ನಮ್ಮಲ್ಲೂ ಕೆಲವರು ನೌಕರಿ ಹಿಡಿದು, ಸಾಲ ಮಾಡಿ ಮನೆ ಕಟ್ಟಿ, ಒಂದು ಪಾಲು ಬಾಡಿಗೆಗೆ ಕೊಡ್ತೀವಿ. ಆಗ ನಾವೂ ಇದೇ ದಾರಿಯಲ್ಲಿ ನೋಟೀಸು ಕೊಡಬೇಕು, ಇನ್ನೊಬ್ಬ ಬಡವನ ಪಾತ್ರೆಪಗಡವನ್ನು ಚರಂಡಿಗೆ ಎಸೆಯಬಾರದು.

ಗೆಳೆಯರೆ, ನೀವು ಮನೆತನದಲ್ಲಿ ಮೊದಲು ಅಕ್ಷರ ಕಲಿತವರು. ಈ ರಜೆಗೆ ಊರಿಗೆ ಹೋದಾಗ ಕೇರಿಯಲ್ಲಿ, ಸ್ಲಮ್ಮಿನಲ್ಲಿ ಯಾರ ಮನೆಯ ಸೂರಿನಲ್ಲಿ ಒಡೆಯದ ಲಕೋಟೆ ಸಿಕ್ಕಿಸಿಟ್ಟಿದ್ದಾರೋ ಕೇಳಿ ತೆಗೆಸಿ, ಗಟ್ಟಿಯಾಗಿ ಓದಿ ಹೇಳಿ. ದಿನ ಎಣಿಸಿ ಕೊಡಿ. ನಾವು ಕಲಿತದ್ದು ಅಷ್ಟಕ್ಕಾದರೂ ಆಗಲಿ.

ಜೈ ಭೀಮ್.