ಮನೆಯಲ್ಲಿ ದೊಡ್ಡ ಮೀನುತೊಟ್ಟಿ
(ಭೀಮನಬೀಡಿನ ರೈತರಿಗಾಗಿ ಮಾಡಿದ ಭಾಷಣ)



ಗಾಜಿನ ತೊಟ್ಟಿಯಲ್ಲಿ ಮೀನು ಸಾಕುವುದು ಪಟ್ಟಣದವರ ಸೊಗಸು ಎಂಬ ಮಾತಿದೆ. 1983ರಲ್ಲಿ ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿ ಸರ್ಕಾರಿ ಮತ್ಸ್ಯಾಲಯ ಪ್ರಾರಂಭವಾದ ಮೇಲೆ ಅದನ್ನು ನೋಡಿಬಂದು, ತಮ್ಮ ಮನೆಯಲ್ಲೂ ಒಂದಿರಲಿ ಎಂದುಕೊಂಡ ಹಳ್ಳಿಯವರು ಕಡಿಮೆಯಲ್ಲ. ಆದರೆ ತಂದ ಮೀನು ತಿಂಗಳೊಳಗೆ ಸತ್ತು, ಗಾಜಿನ ಪೆಟ್ಟಿಗೆ ಅಟ್ಟ ಸೇರುವುದೇ ಹೆಚ್ಚು. ಕಾರಣ ತಿಳಿದರೆ ಇದು ಕಷ್ಟದ ಕೆಲಸವಲ್ಲ.

ತೊಟ್ಟಿ ದೊಡ್ಡದಾದಷ್ಟೂ ಸಾಕುವುದು ಸುಲಭ. ಚಿಕ್ಕ ತೊಟ್ಟಿಯ ನೀರು ಬೇಗ ಕಾಯುತ್ತದೆ, ಬೇಗ ಕೆಡುತ್ತದೆ. 6 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ ತೊಟ್ಟಿಗೆ ಸುಮಾರು 680 ಲೀಟರು ನೀರು ಹಿಡಿಯುತ್ತದೆ. ಇದಕ್ಕೆ 12 ಮಿಲಿಮೀಟರ್ ದಪ್ಪದ ಗಾಜು ಬೇಕು. ನೀರು, ಗಾಜು, ಮರಳು ಸೇರಿ ಭಾರ 8 ಕ್ವಿಂಟಾಲ್ ಮೀರುವುದರಿಂದ ಮರದ ಮೇಜು ಆಗದು. ಇಟ್ಟಿಗೆ ಕಟ್ಟೆ ಕಟ್ಟಿ, ಮಟ್ಟ ನೋಡಿ, ಮೇಲೆ ಥರ್ಮೊಕೋಲ್ ಹಾಳೆ ಹಾಸಿ ಇಡಬೇಕು. ನೇರ ಬಿಸಿಲು ಬೀಳುವ ಕಡೆ ಇಟ್ಟರೆ ಪಾಚಿ ಬೆಳೆಯುತ್ತದೆ. ಮೊದಲು ಅಂಗಳದಲ್ಲಿ ಎರಡು ದಿನ ನೀರು ತುಂಬಿಸಿ ಸೋರಿಕೆ ಪರೀಕ್ಷಿಸುವುದು ಜಾಣತನ.

ಕೊಳವೆ ಬಾವಿಯಿಂದ ಆಗತಾನೆ ಬಂದ ನೀರಿನಲ್ಲಿ ಆಮ್ಲಜನಕ ಕಡಿಮೆ ಇರುತ್ತದೆ. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರಬಹುದು. ಎರಡನ್ನೂ ಒಂದು ದಿನ ತೆರೆದ ತೊಟ್ಟಿಯಲ್ಲಿ ಗಾಳಿಯಾಡಲು ಬಿಟ್ಟು ಬಳಸಬೇಕು.

ಇನ್ನು ಮುಖ್ಯ ವಿಷಯ. ಹೊಲಕ್ಕೆ ಹಾಕಿದ ಯೂರಿಯಾ ಮಣ್ಣಿನಲ್ಲಿ ಅಮೋನಿಯ ಆಗಿ, ಬಳಿಕ ಸೂಕ್ಷ್ಮಜೀವಿಗಳಿಂದ ನೈಟ್ರೈಟ್ ಆಗಿ, ಕೊನೆಗೆ ನೈಟ್ರೇಟ್ ಆಗುವುದನ್ನು ಬಲ್ಲಿರಿ. ತೊಟ್ಟಿಯಲ್ಲಿ ನಡೆಯುವುದೂ ಇದೇ. ಮೀನಿನ ಹಿಕ್ಕೆ, ಉಳಿದ ಆಹಾರಗಳಿಂದ ಅಮೋನಿಯ ಹುಟ್ಟುತ್ತದೆ. ಅಮೋನಿಯ, ನೈಟ್ರೈಟ್ ಎರಡೂ ಮೀನಿಗೆ ವಿಷ. ನೈಟ್ರೇಟ್‌ನಿಂದ ಅಷ್ಟು ಹಾನಿಯಿಲ್ಲ. ಹೊಸ ತೊಟ್ಟಿಯಲ್ಲಿ ಈ ಜೀವಿಗಳು ಸಾಕಷ್ಟು ಬೆಳೆಯಲು 4ರಿಂದ 6 ವಾರ ಹಿಡಿಯುತ್ತದೆ. ಮೊದಲ ದಿನವೇ 50 ಮೀನು ಬಿಟ್ಟವನ ತೊಟ್ಟಿ ಬರಿದಾಗುವುದು ಇದರಿಂದಲೇ. ನೀರು ಕ್ಷಾರಗುಣದ್ದಾದರೆ ಅಮೋನಿಯದ ವಿಷ ಇನ್ನೂ ತೀವ್ರ. ಆದ್ದರಿಂದ ಗಟ್ಟಿಮುಟ್ಟಾದ ನಾಲ್ಕೈದು ಮೀನುಗಳಿಂದ ಪ್ರಾರಂಭಿಸಿ, ವಾರ ಬಿಟ್ಟು ವಾರ ಸ್ವಲ್ಪ ಸ್ವಲ್ಪ ಹೆಚ್ಚಿಸತಕ್ಕದ್ದು. ಎರಡು ಮೂರು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ ಹಾಕಬೇಕು.

ಸೂಕ್ಷ್ಮಜೀವಿಗಳು ಹೆಚ್ಚಾಗಿ ನೆಲೆಸುವುದು ಶೋಧಕದ ಸ್ಪಂಜಿನಲ್ಲಿ. ಅದನ್ನು ನಲ್ಲಿಯ ಕೆಳಗೆ ತಿಕ್ಕಿ ತೊಳೆದರೆ ಅವು ಸಾಯುತ್ತವೆ. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಅದ್ದಿ ಹಿಂಡಿದರೆ ಸಾಕು. ವಿದ್ಯುತ್ ಬಹುಹೊತ್ತು ನಿಂತರೂ ಅವು ಉಸಿರುಕಟ್ಟುತ್ತವೆ. ಬ್ಯಾಟರಿಯಿಂದ ನಡೆಯುವ ಒಂದು ಗಾಳಿ ಪಂಪು ಹಳ್ಳಿಯ ಮನೆಗೆ ಅತ್ಯವಶ್ಯ.

ಪ್ರತಿ ವಾರ ಕಾಲುಭಾಗ ನೀರು ಬದಲಿಸಬೇಕು. ನೀರಿಗೆ ಬರವಿರುವ ಗುಂಡ್ಲುಪೇಟೆ ಸೀಮೆಯಲ್ಲಿ 170 ಲೀಟರು ಚೆಲ್ಲುವುದೇ ಎಂದು ಕೇಳುವವರಿದ್ದಾರೆ. ಚೆಲ್ಲಬೇಕಾಗಿಲ್ಲ. ಅದರಲ್ಲಿ ನೈಟ್ರೇಟ್ ಇರುವುದರಿಂದ ಹಿತ್ತಲ ಬದನೆ, ಕರಿಬೇವಿಗೆ ಹೊಯ್ಯಿರಿ. ಮೀನಿಗೆ ಔಷಧಿ ಹಾಕಿದ್ದ ನೀರನ್ನು ಮಾತ್ರ ತರಕಾರಿಗೆ ಹಾಕಬಾರದು.

ರೈತನ ಮನೆಗೆ ವಿಶೇಷವಾದ ಒಂದು ಅಪಾಯವಿದೆ. ಸಿಂಪರಣೆ ಮಾಡಿ ಬಂದ ಕೈಯನ್ನು ತೊಟ್ಟಿಗೆ ಅದ್ದಬೇಡಿ. ಪೈರೆಥ್ರಾಯ್ಡ್ ಗುಂಪಿನ ಕೀಟನಾಶಕಗಳು ಅತ್ಯಲ್ಪ ಪ್ರಮಾಣದಲ್ಲೂ ಮೀನುಗಳನ್ನು ಕೊಲ್ಲುತ್ತವೆ. ಔಷಧಿ ಕಲಸಿದ ಬಕೆಟ್ಟು ಎಷ್ಟು ತೊಳೆದರೂ ತೊಟ್ಟಿಗೆ ಬರಕೂಡದು. ಸೊಳ್ಳೆಬತ್ತಿಯಲ್ಲೂ ಇದೇ ಗುಂಪಿನ ವಿಷವಿರುತ್ತದೆ, ಗಾಳಿ ಪಂಪು ಅದರ ಹೊಗೆಯನ್ನು ನೀರಿಗೆ ಎಳೆಯುತ್ತದೆ.

ಯಾವ ಮೀನು? ರೋಸಿ ಬಾರ್ಬ್ ಗಟ್ಟಿ ಜಾತಿ, ಹೊಸಬರಿಗೆ ಒಳ್ಳೆಯದು. ಕೆಂಪು ಗೆರೆಯ ಡೆನಿಸನ್ ಬಾರ್ಬ್ ಪಶ್ಚಿಮ ಘಟ್ಟದ ಹೊಳೆಗಳದೇ ಮೀನು, ದೊಡ್ಡ ತೊಟ್ಟಿಯಲ್ಲಿ ಹಿಂಡಾಗಿ ಈಜುವಾಗ ಬಲು ಚೆಂದ. ಆದರೆ ಹೊಳೆಯಲ್ಲಿ ಅದರ ಸಂತತಿ ಅಳಿವಿನ ಅಂಚಿನಲ್ಲಿರುವುದರಿಂದ ಮರಿಕೇಂದ್ರದಲ್ಲಿ ಬೆಳೆಸಿದ್ದನ್ನೇ ಕೊಳ್ಳಬೇಕು.

ಪಾಚಿ ತಿನ್ನುತ್ತದೆಂದು ಅಂಗಡಿಯವರು ಕೊಡುವ ಸಕ್ಕರ್ ಮೀನು ಅಡಿಯುದ್ದ ಮೀರಿ ಬೆಳೆಯುತ್ತದೆ. ಬೇಸತ್ತವರು ಅದನ್ನು ಕೆರೆಗೆ ಬಿಡುತ್ತಾರೆ. ಕೋಡಿ ಬಿದ್ದರೆ ಅದು ಗುಂಡ್ಲುಹೊಳೆ ಸೇರಬಹುದು, ಆ ಹೊಳೆ ನಂಜನಗೂಡಿನಲ್ಲಿ ಕಪಿಲೆಯನ್ನು ಕೂಡುತ್ತದೆ. ಒಮ್ಮೆ ನೆಲೆಯೂರಿದ ಈ ಮೀನನ್ನು ತೆಗೆಯುವ ಉಪಾಯವಿಲ್ಲ. ಬಲೆ ಹರಿಯುತ್ತದೆ, ಮಾರಿದರೆ ಬೆಲೆಯಿಲ್ಲ. ಬೇಡವಾದ ಮೀನನ್ನು ಅಂಗಡಿಗೆ ಹಿಂತಿರುಗಿಸಿ ಅಥವಾ ತೊಟ್ಟಿಯಿರುವ ಇನ್ನೊಬ್ಬರಿಗೆ ಕೊಡಿ.