ಹಳೆ ಮಿನಿ ಟ್ರ್ಯಾಕ್ಟರ್: ಟೈರ್ ನೋಡಿ ಬೆಲೆ ಮಾತಾಡೋಣ



ಸಂಘದ ಸಾಲದಲ್ಲಿ ಹಳೆ ಮಿನಿ ಟ್ರ್ಯಾಕ್ಟರ್ ಕೊಳ್ಳುವಾಗ ಇಂಜಿನ್ ಶಬ್ದ, ಹೊಸ ಬಣ್ಣ ನೋಡಿದರಷ್ಟೇ ಸಾಲದು. ಟೈರಿನ ಪಕ್ಕದಲ್ಲಿರುವ ನಾಲ್ಕು ಅಂಕಿ ಹುಡುಕೋಣ. 2318 ಅಂದರೆ 2018ರ 23ನೇ ವಾರ ತಯಾರಾದದ್ದು. ಬಟನ್ ಚೆನ್ನಾಗಿದ್ದರೂ ಪಕ್ಕದಲ್ಲಿ ಆಳವಾದ ಬಿರುಕಿದ್ದರೆ, ಒಳಗಿನ ನೂಲು ಕಂಡರೆ, ಆ ಟೈರ್ ಬದಲಿಸಲೇಬೇಕು. ಹೊಸ ಜೋಡಿಯ ಬೆಲೆ ಅಂಗಡಿಯಲ್ಲಿ ವಿಚಾರಿಸಿ, ಅಷ್ಟನ್ನು ಮಾರುವವರ ಹತ್ತಿರ ಕಡಿಮೆ ಮಾಡಿಸೋಣ.

ಬದಲಿಸುವಾಗ ಜೋಡಿಯಾಗಿಯೇ ಹಾಕಿಸೋಣ. ನಾಲ್ಕೂ ಚಕ್ರ ಎಳೆಯುವ ಗಾಡಿಗೆ ಕಂಪನಿ ಹೇಳಿದ ಅಳತೆಯೇ ಬೇಕು. ಹಿಂದು-ಮುಂದಿನ ಅಳತೆ ಹೊಂದದಿದ್ದರೆ ಗೇರಿಗೆ ಪೆಟ್ಟು. ಕೆಸರುಗದ್ದೆಗೆ ಎತ್ತರದ ಬಟನ್ ಇರೋದನ್ನೇ ಆರಿಸೋಣ.

ನೆನಪಿರಲಿ: ಟೈರ್ ಹೋದರೆ ಉಳುಮೆ ನಿಲ್ಲುತ್ತೆ, ಸಾಲದ ಕಂತು ನಿಲ್ಲೋದಿಲ್ಲ.